'ಅಣ್ಣ' ಅಂದರೆ ಕಥೆ ಶುರು

ಎಲ್ಲರಿಗೂ ನಮಸ್ಕಾರ.

ನಮ್ಮ ಕಾಲೇಜುಗಳಲ್ಲಿ ಹುಡುಗಿ 'ಅಣ್ಣಾ' ಅಂದಳು ಅಂದರೆ ಹುಡುಗನ ಕಥೆ ಮುಗಿಯಿತು, ಅಲ್ವಾ? ಕಾಂಬೋಡಿಯಾದಲ್ಲಿ ಕಥೆ ಶುರುವಾಗುವುದೇ ಅಲ್ಲಿಂದ. ಖ್ಮೇರ್ ಭಾಷೆಯಲ್ಲಿ 'ಬಾಂಗ್' ಅಂದರೆ ಅಣ್ಣ ಅಥವಾ ಅಕ್ಕ. 'ಓನ್' ಅಂದರೆ ತಮ್ಮ ಅಥವಾ ತಂಗಿ. ಪ್ರೇಮಿಗಳು, ಗಂಡ ಹೆಂಡತಿ ಕರೆದುಕೊಳ್ಳುವುದೂ ಹೀಗೇ. ಅವನು ಬಾಂಗ್, ಅವಳು ಓನ್. ಹೆಂಡತಿಯೇ ಎರಡು ವರ್ಷ ದೊಡ್ಡವಳಾದರೂ ಸಾಮಾನ್ಯವಾಗಿ ಅವಳೇ ಓನ್. ನನಗಿದು ಅಷ್ಟಾಗಿ ಹಿಡಿಸುವುದಿಲ್ಲ. ಆದರೆ ಇರುವುದು ಹಾಗೆ.

'ನಿನ್ನನ್ನು ಪ್ರೀತಿಸುತ್ತೇನೆ' ಅನ್ನುವುದಕ್ಕೆ ಪ್ರವಾಸಿಗರ ಕೈಪಿಡಿಗಳಲ್ಲಿ 'ಖ್ಞೊಂ ಸ್ರಲಾಞ್ ನೆಯಕ್' ಅಂತ ಇರುತ್ತದೆ. ತಪ್ಪೇನಿಲ್ಲ, ಸ್ವಲ್ಪ ಸಪ್ಪೆ. 'ಸ್ರಲಾಞ್' ಅಂದರೆ ಪ್ರೀತಿಸು, 'ನೆಯಕ್' ಅಂದರೆ ನೀನು, 'ಖ್ಞೊಂ' ಅಂದರೆ ನಾನು. ಹಿಂದೆ 'ಖ್ಞೊಂ' ಪದಕ್ಕೆ ಆಳು ಎಂಬ ಅರ್ಥವಿತ್ತು. ಅಂಗಡಿಯಲ್ಲಿ, ಆಫೀಸಿನಲ್ಲಿ ಬಳಸುವ ವಿನಯದ 'ನಾನು' ಅದು. ಹುಡುಗ ಹೇಳಬೇಕಾದ್ದು 'ಬಾಂಗ್ ಸ್ರಲಾಞ್ ಓನ್'. ಹುಡುಗಿ ಅದನ್ನೇ ತಿರುಗಿಸಿ 'ಓನ್ ಸ್ರಲಾಞ್ ಬಾಂಗ್' ಅನ್ನುತ್ತಾಳೆ. 'ನಾನು', 'ನೀನು' ಎರಡರ ಜಾಗದಲ್ಲೂ ಇವೇ ಪದಗಳು.

ಒಂದೇ ಕಡೆ ಕೆಲಸ ಮಾಡುವ ಇಬ್ಬರನ್ನು ನೆನೆಸಿಕೊಳ್ಳಿ. ಅವಳು ಅವನನ್ನು ಬಾಂಗ್ ಅನ್ನುವುದು ದೊಡ್ಡ ವಿಷಯ ಅಲ್ಲ. ಹೋಟೆಲ್ ಮಾಣಿಯನ್ನೂ ಬಾಂಗ್ ಅಂತಲೇ ಕರೆಯುತ್ತಾರೆ. ಆದರೆ ನಿನ್ನೆವರೆಗೆ ಅವನೆದುರು ತನ್ನನ್ನು 'ಖ್ಞೊಂ' ಅನ್ನುತ್ತಿದ್ದವಳು ಒಂದು ಸಂಜೆ ಸುಮ್ನೆ, 'ಓನ್ ಮನೆಗೆ ಹೊರಟಳು' ಅಂದರೆ? ಅವತ್ತು ಅವನಿಗೆ ನಿದ್ದೆ ಹತ್ತುವುದಿಲ್ಲ. ಸ್ರಲಾಞ್ ಎಂಬ ಮಾತು ಇನ್ನೂ ಬಂದೇ ಇಲ್ಲ, ನೋಡಿ.

ಇಲ್ಲಿಂದ ಹೋದ ಪದಗಳೂ ಅಲ್ಲಿ ಪ್ರೀತಿಗೆ ಬಿದ್ದಿವೆ. ಸಂಸ್ಕೃತದ 'ಸ್ನೇಹ' ನಮಗೆ ಗೆಳೆತನ, ಅವರಿಗೆ ಪ್ರಣಯ. 'ಸಂಸಾರ' ಅಲ್ಲಿ 'ಸಂಗ್ಸಾ' ಆಗಿದೆ. ಅಂದರೆ ಪ್ರಿಯಕರ, ಇಲ್ಲವೇ ಪ್ರೇಯಸಿ. 'ಸಂಗ್ಸಾ ಇದೆಯಾ' ಅಂತ ಯಾರಾದರೂ ಕೇಳಿದರೆ ಹೆಂಡತಿ ಮಕ್ಕಳ ಲೆಕ್ಕ ಕೊಡಬೇಡಿ.

'ಮಿತ್ರ'ನ ಪಾಡು ಬೇರೆ. 1975ರಿಂದ 1979ರವರೆಗೆ, ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟರ ಆಳ್ವಿಕೆಯಲ್ಲಿ, ಜನ ಒಬ್ಬರನ್ನೊಬ್ಬರು 'ಮಿತ್' ಅನ್ನಬೇಕಿತ್ತು. ಅಂದರೆ ಕಾಮ್ರೇಡ್. ಮದುವೆಯನ್ನೂ ಖ್ಮೇರ್ ರೂಜ್ ಸಂಘಟನೆಯೇ ಗೊತ್ತು ಮಾಡುತ್ತಿತ್ತು. ಎಷ್ಟೋ ಸಲ ಪರಿಚಯವೇ ಇಲ್ಲದ ಗಂಡು ಹೆಣ್ಣುಗಳನ್ನು ಸಾಲಾಗಿ ಕೂರಿಸಿ, ಹತ್ತಾರು ಜೋಡಿಗೆ ಒಂದೇ ಸಲ ಮುಗಿಸುತ್ತಿದ್ದರು. ಈ ಬಲವಂತದ ಮದುವೆಗಳು ಮಾನವೀಯತೆಯ ವಿರುದ್ಧದ ಅಪರಾಧ ಎಂದು ರಾಜಧಾನಿ ನಾಮ್ ಪೆನ್‌ನ ವಿಶೇಷ ನ್ಯಾಯಾಲಯ 2018ರಲ್ಲಿ ತೀರ್ಪು ಕೊಟ್ಟಿತು. 1979ರ ನಂತರ ಕೆಲವು ಜೋಡಿಗಳು ಬೇರೆಯಾದವು. ಕೆಲವು ಉಳಿದವು.

ಆ ತಲೆಮಾರಿನವರು ಸ್ರಲಾಞ್ ಅಂತ ಬಾಯಿಬಿಟ್ಟು ಹೇಳುವುದು ಕಡಿಮೆ. ಅವರ ಮಾತು 'ಞಾಂ ಬಾಯ್ ಹಾಯ್ ನೌ?' ಬಾಯ್ ಅಂದರೆ ಅನ್ನ. 'ಊಟ ಆಯ್ತಾ?' ಇದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.