‘ಪದ್ಯಂ ವಧ್ಯಂ’ ಎಂದದ್ದು ಮುದ್ದಣ ಅಲ್ಲ ಮಾರಾಯ್ರೇ!

[ಪರದೆ: ಉಡುಪಿಯ ರಥಬೀದಿ. ದೊಡ್ಡಕ್ಷರದಲ್ಲಿ — ಪದ್ಯಂ ವದ್ಯಂ, ಗದ್ಯಂ ಹೃದ್ಯಂ]

ನಮಸ್ಕಾರ. ಈ ಸಾಲಲ್ಲಿ ಒಂದು ತಪ್ಪುಂಟು, ಸಿಕ್ಕಿತಾ? ಎರಡನೇ ಶಬ್ದ ನೋಡಿ. ‘ವದ್ಯಂ’ ಅಲ್ಲ, ‘ವಧ್ಯಂ’. ವಧ್ಯ ಅಂದರೆ ಕೊಲ್ಲತಕ್ಕದ್ದು, ಹೃದ್ಯ ಅಂದರೆ ಮನಸ್ಸಿಗೆ ಹಿಡಿಸುವಂಥದ್ದು. ಧಕಾರದ ಅಡಿಯ ಗೀಟು ಬಿಟ್ಟುಹೋದರೆ ಕೊಲೆಯೂ ಇಲ್ಲ, ತಮಾಷೆಯೂ ಇಲ್ಲ. ಸ್ಟೇಟಸ್ಸಿಗೆ ಹಾಕುವವರು ಎಡವುವುದು ಇಲ್ಲೇ.

ಬರೆದವರು ಕಾರ್ಕಳದ ಕಡೆಯ ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ. ಹುಟ್ಟಿದ್ದು 1870, ತೀರಿಕೊಂಡದ್ದು 1901. ಉಡುಪಿಯ ಹೈಸ್ಕೂಲಲ್ಲಿ ಡ್ರಿಲ್ ಮಾಸ್ಟ್ರು. ಸಾಲು ಇರುವುದು ಅವರ ಗದ್ಯಕೃತಿ ‘ಶ್ರೀರಾಮಾಶ್ವಮೇಧ’ದಲ್ಲಿ.

[ಪರದೆ: ಎಂಟು ಅಕ್ಷರ, ಒಂದೊಂದರ ಮೇಲೂ ಗುರು ಚಿಹ್ನೆ]

ಈಗ ಪ್ರಸ್ತಾರ ಹಾಕುವ, ಅಂದರೆ ಅಕ್ಷರಗಳನ್ನು ಲಘು, ಗುರು ಅಂತ ಅಳೆಯುವ. ಉಚ್ಚಾರದ ಅಳತೆ ಮಾತ್ರೆ; ಲಘುವಿಗೆ ಒಂದು, ಗುರುವಿಗೆ ಎರಡು. ‘ಪ’ದ ಮುಂದೆ ಒತ್ತಕ್ಷರ, ಹಾಗಾಗಿ ಗುರು. ‘ದ್ಯಂ’ಗೆ ಅನುಸ್ವಾರ, ಅದೂ ಗುರು. ಹೀಗೇ ಹೋದರೆ ಎಂಟಕ್ಕೆ ಎಂಟೂ ಗುರು, ಒಟ್ಟು 16 ಮಾತ್ರೆ, ನಾಲ್ಕನೇ ಅಕ್ಷರಕ್ಕೆ ಯತಿ, ಅಂದರೆ ನಿಲುಗಡೆ. ಛಂದಸ್ಸು ಓದಿದವರಿಗೆ ಥಟ್ಟನೆ ಹೊಳೆಯಬೇಕು: ಇದು ವಿದ್ಯುನ್ಮಾಲಾ ಎಂಬ ಛಂದಸ್ಸಿನ ಒಂದು ಪಾದದ, ಅಂದರೆ ಒಂದು ಸಾಲಿನ ಲೆಕ್ಕ! ಪದ್ಯವನ್ನು ಕೊಲ್ಲಿ ಎನ್ನುವ ಮಾತು ಪದ್ಯದ ಹೆಜ್ಜೆಯಲ್ಲೇ ಬರುತ್ತದೆ. ಬಾಯಲ್ಲಿ ನಿಂತದ್ದೂ ಅದಕ್ಕೇ. ಹೇಳುವಾಗ ‘ವಧ್ಯಂ’ ಆದಮೇಲೆ ಒಂದು ಗಳಿಗೆ ನಿಲ್ಲಿಸಿ. ಒಂದೇ ಉಸಿರಿಗೆ ಓಡಿಸಿದರೆ ಏಟು ಬೀಳುವುದಿಲ್ಲ.

ಇನ್ನು ದೊಡ್ಡ ಎಡವಟ್ಟು. ಇದನ್ನು ಮುದ್ದಣನ ಸಾಹಿತ್ಯ ಸಿದ್ಧಾಂತ ಅಂತ ಭಾಷಣಗಳಲ್ಲಿ ಎತ್ತಿ ಹೇಳುವವರಿದ್ದಾರೆ. ಕೃತಿ ತೆರೆದು ನೋಡಿ. ಅದರಲ್ಲಿ ಮುದ್ದಣ ಮಡದಿ ಮನೋರಮೆಗೆ ಕಥೆ ಹೇಳುವವನು. ಕಥೆಯನ್ನು ಪದ್ಯದಲ್ಲಿ ಹೇಳಲೋ ಗದ್ಯದಲ್ಲೋ ಎಂದು ಗಂಡ ಕೇಳುತ್ತಾನೆ, ಮನೋರಮೆ ಕೊಡುವ ಉತ್ತರ ಇದು. ಮಳೆಗಾಲದ ಹೊತ್ತು, ಬೇಸರ ಕಳೆಯಲಿಕ್ಕೆ ಕಥೆ ಬೇಕಾದವಳು. ಕವಿಯನ್ನೇ ಕಟ್ಟಿಕೊಂಡವಳ ಬಾಯಿಗೆ ಈ ಮಾತು ಬಂದದ್ದರಿಂದಲೇ ಅದಕ್ಕೆ ಖಾರ. ಬರೆದವನೋ ‘ಶ್ರೀರಾಮ ಪಟ್ಟಾಭಿಷೇಕ’ವನ್ನು ವಾರ್ಧಕ ಷಟ್ಪದಿ ಎಂಬ ಆರು ಸಾಲಿನ ಪದ್ಯಗಳಲ್ಲಿ ಕಟ್ಟಿದವನು, ಯಕ್ಷಗಾನ ಪ್ರಸಂಗವನ್ನೂ ಬರೆದವನು.

ಗದ್ಯ ಅಂದಳಲ್ಲ, ಇವನು ಶುರುಹಚ್ಚಿದ್ದು ‘ಸ್ವಸ್ತಿ ಶ್ರೀಮತ್ಸುರಾಸುರೇಂದ್ರ ನರೇಂದ್ರ ಮುನೀಂದ್ರ ಫಣೀಂದ್ರ’ ಅಂತ ಉದ್ದುದ್ದ ಸಮಾಸ. ಅದಕ್ಕೆ ಬಿದ್ದದ್ದು ಎರಡನೇ ಏಟು: ‘ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು.’

[ಪರದೆ: ಹಬೆಯಾಡುವ ಕೊಟ್ಟೆ ಕಡುಬು]

ನಮ್ಮೂರಿನವರಿಗೆ ಇದಕ್ಕೆ ಟಿಪ್ಪಣಿ ಬೇಡ. ನಾಲ್ಕು ಹಲಸಿನೆಲೆಯನ್ನು ಕಡ್ಡಿ ಚುಚ್ಚಿ ಕೊಟ್ಟೆ ಮಾಡಿ, ಹಿಟ್ಟು ಹೊಯ್ದು ಬೇಯಿಸಿದ ಕಡುಬನ್ನು ಚಟ್ನಿ, ಸಾಂಬಾರು ಏನೂ ಇಲ್ಲದೆ ಬಾಯಿಗಿಟ್ಟು ನೋಡಿ. ಮೆತ್ತಗೇ ಉಂಟು, ಆದರೂ ಇಳಿಯುವುದಿಲ್ಲ. ಅವಳ ದೂರು ಕಡುಬಿನ ಮೇಲಲ್ಲ, ಗಂಟಲು ನೋಡದೆ ತುರುಕಿದವನ ಮೇಲೆ.

ಆಮೇಲೆ ಅವನು ದಾರಿಗೆ ಬರುತ್ತಾನೆ: ಕರಿಮಣಿ ಸರದಲ್ಲಿ ಹವಳ ಕೋದ ಹಾಗೆ, ತಿರುಳ್ಗನ್ನಡದ, ಅಂದರೆ ಅಚ್ಚಗನ್ನಡದ ನಡುನಡುವೆ ಸಂಸ್ಕೃತ ಇಟ್ಟು ಹೇಳುತ್ತೇನೆ ಅಂತ. ಆ ‘ಕರ್ಮಣಿಸರ’ದ ಸಾಲನ್ನು ಬಿಡಿಸಲಿಕ್ಕೆ ಒಂದು ವಿಡಿಯೋ ಬೇರೆಯೇ ಬೇಕು.