ಬಲ್ಬಿನ ಕಿವಿಗೆ ಪಾಸ್‌ವರ್ಡ್ ಹೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಸ್ಮಾರ್ಟ್ ಬಲ್ಬೋ ಪ್ಲಗ್ಗೋ ತಂದು, ಅದು ಮಿಣಮಿಣ ಅಂತ ಮಿನುಗುತ್ತಲೇ ಇರುವಾಗ ಎದುರಿಗೆ ಅರ್ಧ ಗಂಟೆ ಕೂತು, ಕೊನೆಗೆ ಬೈದು ಡಬ್ಬಕ್ಕೆ ವಾಪಸ್ ತುರುಕಿದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ಸರಿ, ನನ್ನ ಕೈಯೂ ಸೇರಿಸಿಕೊಳ್ಳಿ.

ಫೋನಿಗೆ ಸ್ಕ್ರೀನ್ ಇದೆ, ಕೀಬೋರ್ಡ್ ಇದೆ. ವೈಫೈ ಪಾಸ್‌ವರ್ಡ್ ಒತ್ತಿದರೆ ಮುಗಿಯಿತು. ಬಲ್ಬಿಗೆ ಏನಿದೆ? ಮಿನುಗುವುದೊಂದು ಗೊತ್ತು. ಅದರ ಕಿವಿಗೆ ಪಾಸ್‌ವರ್ಡ್ ಹಾಕುವ ಆ ಒಂದು ನಿಮಿಷದಲ್ಲೇ ಜಾಸ್ತಿ ಜನ ಸೋಲುವುದು.

ಬಲ್ಬು ಬೇಗ ಬೇಗ ಮಿನುಗುತ್ತಿದ್ದರೆ, ಸಾಮಾನ್ಯವಾಗಿ ಅದು ಗಾಳಿಯಲ್ಲಿ ಕದ್ದು ಕೇಳುತ್ತಿದೆ ಎಂದರ್ಥ. ಫೋನು ಕಳಿಸುವ ಮಾಹಿತಿಗೆ ಬೀಗ ಹಾಕಿರುತ್ತದೆ, ಬಲ್ಬಿಗೆ ಓದಲು ಬರುವುದಿಲ್ಲ, ಆದರೆ ಪ್ರತಿ ತುಣುಕಿನ ಉದ್ದ ಎಷ್ಟು ಅಂತ ಗೊತ್ತಾಗುತ್ತದೆ, ಆ ಉದ್ದಗಳಲ್ಲೇ ಆ್ಯಪ್ ನಿಮ್ಮ ಪಾಸ್‌ವರ್ಡ್ ಅಡಗಿಸಿಟ್ಟಿರುತ್ತದೆ. ಲಕೋಟೆ ಒಡೆಯದೆ, ಅದರ ಉದ್ದ ಅಳೆದೇ ಕಾಗದ ಓದಿದ ಹಾಗೆ! ಇದನ್ನು ಮೊದಲು ಯೋಚಿಸಿದವರ ತಲೆಗೆ ನಮಸ್ಕಾರ.

ಎಡವಟ್ಟು ಎಲ್ಲಿ ಅಂದರೆ, ಮನೆಯ ವೈಫೈ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಅಲೆಗಳಲ್ಲಿ ಮಾತಾಡುತ್ತದೆ, ಅಗ್ಗದ ಬಲ್ಬುಗಳ ಚಿಪ್‌ಗೆ ಕೇಳುವುದು 2.4 ಮಾತ್ರ. ನಿಮ್ಮ ಫೋನು 5ರಲ್ಲಿ ಕೂತಿರುತ್ತದೆ. ಒಬ್ಬರು ಮಾತಾಡುತ್ತಲೇ ಇರುತ್ತಾರೆ, ಇನ್ನೊಬ್ಬರಿಗೆ ಕೇಳುವುದೇ ಇಲ್ಲ. ರೌಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ, ಇಲ್ಲವೇ 2.4ರಲ್ಲಿ ಒಂದು ಗೆಸ್ಟ್ ನೆಟ್‌ವರ್ಕ್ ಮಾಡಿ. ನಾನು ಮೊದಲ ಸಲ ಇದೇನೂ ಗೊತ್ತಿಲ್ಲದೆ ಫೋನ್ ಹಿಡಿದು ಹಿತ್ತಲಿನ ಒಗೆಯುವ ಕಲ್ಲಿನವರೆಗೂ ಹೋಗಿದ್ದೆ. ಅಲ್ಲಿ ಕೂಡಲೇ ಕನೆಕ್ಟ್ ಆಯಿತು! 5 ಗಿಗಾಹರ್ಟ್ಸ್‌ಗೆ ಗೋಡೆ ದಾಟುವ ಶಕ್ತಿ ಕಡಿಮೆ, ಅದಕ್ಕೇ ಫೋನು ತಾನಾಗಿ 2.4ಕ್ಕೆ ಇಳಿದಿತ್ತು. ಮನೆಯವರು ಮಾತ್ರ ಇವತ್ತಿಗೂ ಆಡಿಕೊಳ್ಳುತ್ತಾರೆ.

ನಿಧಾನಕ್ಕೆ ಮಿನುಗಿದರೆ ಬೇರೆ ಕತೆ. ಬಲ್ಬೇ ಒಂದು ಪುಟ್ಟ ಹಾಟ್‌ಸ್ಪಾಟ್ ಆಗಿರುತ್ತದೆ. ಫೋನು ಅದಕ್ಕೆ ಸೇರಿ, 'ಇಲ್ಲಿ ಇಂಟರ್ನೆಟ್ ಇಲ್ವಲ್ಲ' ಅಂತ ಮೊಬೈಲ್ ಡೇಟಾಕ್ಕೆ ಹಾರಿಬಿಡುತ್ತದೆ. ಆ ಎರಡು ನಿಮಿಷ ಡೇಟಾ ಆಫ್ ಮಾಡಿ, ಸಾಕು. ಬಲ್ಬಿಗೆ ಲೊಕೇಶನ್ ಯಾಕೆ ಬೇಕು ಅಂತ ಬಹಳ ಜನ ಸಿಟ್ಟಾಗುತ್ತಾರೆ, ಅಲ್ವಾ? ಬಲ್ಬು ಹುಡುಕಲು ಆ್ಯಪ್ ಸುತ್ತಲಿನ ವೈಫೈ ಹೆಸರುಗಳನ್ನು ನೋಡಬೇಕು, ಆ ಹೆಸರುಗಳಿಂದ ನೀವು ಎಲ್ಲಿದ್ದೀರಿ ಅಂತ ಹೇಳಿಬಿಡಬಹುದು, ಅದಕ್ಕೇ ಆಂಡ್ರಾಯ್ಡ್ ಆ ಅನುಮತಿ ಕೇಳುವುದು.

ಬೇರೆ ಬೇರೆ ಕಂಪನಿಗಳ ಸ್ಮಾರ್ಟ್ ಸಾಮಾನಿಗೆಲ್ಲ ಒಂದೇ ಭಾಷೆ ಇರಲಿ ಅಂತ 2022ರಲ್ಲಿ ಬಂದ ಮ್ಯಾಟರ್ ಪದ್ಧತಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಮಾನ್ಯವಾಗಿ ಬ್ಲೂಟೂತ್ ಮೂಲಕವೇ ಪಾಸ್‌ವರ್ಡ್ ಹೋಗುತ್ತದೆ. ಇದ್ದುದರಲ್ಲಿ ಇದು ವಾಸಿ. ರೌಟರಿನಲ್ಲಿ ವೈಫೈಗೆ ಹಾಕುವ ಬೀಗ ಬರೀ ಹೊಸ ಡಬ್ಲ್ಯುಪಿಎ3 ಅಂತಿದ್ದರೆ ಹಳೆ ಸಾಮಾನು ಸೇರುವುದಿಲ್ಲ, 2 ಮತ್ತು 3 ಎರಡೂ ನಡೆಯುವ ಹಾಗೆ ಇಡಿ.

ವೈಫೈ ಹೆಸರನ್ನು ಕನ್ನಡದಲ್ಲೇ ಇಡೋಣ ಅಂತ ನನಗೂ ಆಸೆಯಿತ್ತು. ಹೆಸರಿಗೆ ಇರುವ ಜಾಗ 32 ಬೈಟ್ ಅಷ್ಟೇ. ಕನ್ನಡದಲ್ಲಿ ಅಕ್ಷರ, ಸ್ವರಚಿಹ್ನೆ, ಒತ್ತಕ್ಷರ ಮಾಡುವ ವಿರಾಮ ಚಿಹ್ನೆ (್) ಒಂದೊಂದಕ್ಕೂ ಮೂರು ಬೈಟ್. 'ನಮ್ಮನೆ' 18ರಲ್ಲಿ ಮುಗಿಯುತ್ತದೆ. 'ಗುಬ್ಬಚ್ಚಿ ಗೂಡು' 40 ಆಗುತ್ತದೆ, ಹಿಡಿಸುವುದಿಲ್ಲ. ಹಿಡಿಸಿದರೂ ಕೆಲವು ಆ್ಯಪ್‌ಗಳು ಕನ್ನಡದ ಹೆಸರು ಕಂಡರೆ ಮುಗ್ಗರಿಸುತ್ತವೆ.

ಕ್ಯಾಮೆರಾ ಇದ್ದವರು ಕಂಪನಿ ಕೊಟ್ಟ ಪಾಸ್‌ವರ್ಡ್ ಇವತ್ತೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕಳ್ಳ ತಂತ್ರಾಂಶ ಅಂಥ ಕ್ಯಾಮೆರಾಗಳನ್ನೇ ಹಿಡಿದು ಸೈನ್ಯ ಕಟ್ಟಿತು. ಆ ಸೈನ್ಯ ದಾಳಿ ಮಾಡಿದ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟ್ಟರ್, ನೆಟ್‌ಫ್ಲಿಕ್ಸ್ ಕೂಡ ಎಷ್ಟೋ ಜನರಿಗೆ ತೆರೆಯಲೇ ಇಲ್ಲ.

ಇನ್ನು ನಮ್ಮ ಮಳೆಗಾಲ. ಎಷ್ಟೋ ಬಲ್ಬುಗಳನ್ನು ಮೂರರಿಂದ ಐದು ಸಲ ಆರಿಸಿ ಹಾಕಿದರೆ ರೀಸೆಟ್ ಆಗುತ್ತವೆ. ಕರೆಂಟು ಹೋಗಿ ಬಂದು ಮಾಡಿದಾಗ ಬಲ್ಬು ನೀವೇ ರೀಸೆಟ್ ಮಾಡಿದಿರಿ ಅಂದುಕೊಂಡು ಕಲಿತದ್ದೆಲ್ಲ ಮರೆತು ಮತ್ತೆ ಮಿನುಗಲು ಶುರು ಮಾಡುತ್ತದೆ. ಕೆಟ್ಟಿಲ್ಲ, ಎಸೆಯಬೇಡಿ.

ಡಬ್ಬ ಸಮೇತ ತಂದವರು ಮುಂದೆ ಬನ್ನಿ, ಹೋಲ್ಡರ್ ಇಲ್ಲೇ ಇದೆ.