ಮಾಳಿಗಿ ಮ್ಯಾಲೆ ಟಬ್ ಇಡೋ ಮುಂಚೆ

ನಮಸ್ಕಾರ್ರಿ. ಮನ್ಯಾಗ ಐಸ್ ಬಾತ್ (ಬರ್ಫ ಹಾಕಿದ ತಣ್ಣೀರಾಗ ಕೂಡೋದು) ಮಾಡೋಣೋ, ಸೌನಾ (ಹೀಟರಿನಿಂದ ಕಲ್ಲು ಕಾಸಿ ಬಿಸಿ ಮಾಡೋ ಕಟಿಗಿ ಕೋಣಿ) ಕಟ್ಟಿಸೋಣೋ, ಹಾಟ್ ಟಬ್ (ಮಂದಿ ಕೂಡೋ ಬಿಸಿ ನೀರಿನ ತೊಟ್ಟಿ) ತರೋಣೋ ಅಂತ ವಿಚಾರ ಮಾಡೋರು ಮೊದಲು ಕೇಳೋದು ಮೈಗೆ ಯಾವುದು ಛಲೋ ಅಂತ. ಹುಬ್ಬಳ್ಳಿ-ಧಾರವಾಡದಾಗ, ಗದಗದಾಗ ಇರೋರು ಆ ಪ್ರಶ್ನಿ ಆಮ್ಯಾಲಿಟ್ಟುಕೊಳ್ರಿ. ಮೊದಲು ನೋಡೋದು ನಿಮ್ಮ ಓಣಿಗೆ ನಳ ಎಷ್ಟು ದಿನಕ್ಕೊಮ್ಮೆ ಬರ್ತದ, ಹೆಸ್ಕಾಂ ಕರೆಂಟ್ ಬಿಲ್ಲಿನ್ಯಾಗ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅದ, ಸ್ಲ್ಯಾಬ್ ಎಷ್ಟು ಭಾರ ತಡೀತದ ಅನ್ನೋದು. ಇವು ಮೂರೂ ನೋಡಿದ್ರ ಇಲ್ಲಿನ ಬಹುತೇಕ ಮನಿಗೆ ಸೌನಾನೇ ಸರಿ. ಹಾಟ್ ಟಬ್ ಕಟ್ಟಕಡೀ ಮಾತು.

ಯಾಕಂತ ಹೇಳ್ತೀನಿ. ನಾಲ್ಕು ಮಂದಿ ಕೂಡೋ ಹಾಟ್ ಟಬ್ಬಿಗೆ ಸುಮಾರು 1,200 ಲೀಟರ್ ನೀರು ಬೇಕು. ಟಬ್ಬಿನ ತೂಕ, ಮಂದಿ ತೂಕ ಕೂಡಿಸಿದ್ರ 1,700 ಕಿಲೋ ದಾಟ್ತದ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಜಾಗಕ್ಕ ಹಂಚಿದ್ರ ಚದರ ಮೀಟರಿಗೆ 430 ಕಿಲೋ. ನಾವು ಓಡಾಡೋ ಮಾಳಿಗಿಗೆ ಎಂಜಿನಿಯರ್ ಹಿಡಿಯೋ ಲೆಕ್ಕ ಚದರ ಮೀಟರಿಗೆ ಸುಮಾರು 150 ಕಿಲೋ. 'ಸಿಂಟೆಕ್ಸ್ ಟ್ಯಾಂಕ್ ಕುಂತದಲ್ರೀ' ಅಂತಾರ. ಸರಿಯಾಗಿ ಕಟ್ಟಿದ ಮನ್ಯಾಗ ಆ ಟ್ಯಾಂಕ್ ಕಾಲಂ, ಬೀಮ್ ಮ್ಯಾಲೆ ಕುಂತಿರ್ತದ, ಸ್ಲ್ಯಾಬಿನ ನಡುವ ಅಲ್ಲ.

ಅಂಗಳದಾಗ ಇಡ್ತೀವಿ ಅಂದ್ರ ಮಣ್ಣು ನೋಡ್ರಿ. ಹುಬ್ಬಳ್ಳಿಯಿಂದ ನವಲಗುಂದ, ಗದಗ ಕಡೆ ಎರಿ ಭೂಮಿ. ಮಳಿಗಾಲದಾಗ ಉಬ್ಬಿ, ಬ್ಯಾಸಗ್ಯಾಗ ಬಿರುಕು ಬಿಡೋ ಮಣ್ಣು. ಅದರ ಮ್ಯಾಲೆ ನೇರ ಕಾಂಕ್ರೀಟ್ ಹಾಕಿದ್ರ ಒಂದು ಮೂಲಿ ಎದ್ದು ಟಬ್ ವಾಲ್ತದ, ಪೈಪಿನ ಜೋಡಣಿ ಸೋರ್ತದ. ಎರಿ ಮಣ್ಣು ತಗದು, ಗರಸು ಹಾಕಿ ನೀರು ಹೊಡದು ದಮ್ಮಸ್ ಮಾಡಿಸಿ, ಆಮ್ಯಾಲೆ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಹಾಕಬೇಕು.

ಇನ್ನ ನೀರು. 26 ಡಿಗ್ರಿ ಇದ್ದ 1,200 ಲೀಟರ್ 38ಕ್ಕ ಏರಸಾಕ ಸುಮಾರು 17 ಯೂನಿಟ್ ಕರೆಂಟ್ ಬೇಕು. 3 ಕಿಲೋವ್ಯಾಟ್ ಹೀಟರಿನ್ಯಾಗ ಐದೂವರಿ ತಾಸು. ಬಿಸಿ ನೀರಾಗ ಕ್ಲೋರಿನ್ ಬೇಗ ಹಾರಿ ಹೋಗ್ತದ. ಅದು 3 ಪಿಪಿಎಂ (ಲೀಟರಿಗೆ 3 ಮಿಲಿಗ್ರಾಂ) ಕೆಳಗ ಇಳಿಬಾರದು, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತಿ) 7.0ರಿಂದ 7.8ರ ಒಳಗ ಇರಬೇಕು. ಟೆಸ್ಟ್ ಪಟ್ಟಿ ಅದ್ದಿ ನೋಡದೇ ಇಳಿದ್ರ ಸೂಡೋಮೋನಾಸ್ ಅನ್ನೋ ಬ್ಯಾಕ್ಟೀರಿಯಾದಿಂದ ಮೈಮ್ಯಾಲೆ ಕೆಂಪು ಗುಳ್ಳಿ ಏಳಬಹುದು. ಬೋರಿನ ನೀರು ತುಂಬೋರು ತಮ್ಮ ಮನಿ ನೀರು ಕಾಸೋ ಕಾಯಿಲ್ ತಗದು ನೋಡ್ರಿ. ಅದಕ್ಕ ಮೆತ್ತಿದ ಬಿಳಿ ಹಕ್ಕಳಿನೇ ಟಬ್ಬಿನ ಹೀಟರಿಗೂ ಕೂಡ್ತದ. ಶಾಖ ನೀರಿಗೆ ದಾಟದೇ ಹೀಟರಿನ ಎಲಿಮೆಂಟ್ (ಕಾಯೋ ತಂತಿ) ಒಳಗೇ ಸುಟ್ಟು ಹೋಗ್ತದ. ಮೂರ್ನಾಲ್ಕು ತಿಂಗಳಿಗೊಮ್ಮೆ ಅಷ್ಟೂ ನೀರು ಚೆಲ್ಲಬೇಕು. ವಾರಕ್ಕೊಮ್ಮೆ ನಳ ಬರೋ ಓಣ್ಯಾಗ ಇದು ನನ್ನ ಮನಸ್ಸಿಗೆ ಒಪ್ಪೂದಿಲ್ಲ.

ಐಸ್ ಬಾತಿಗೆ 300 ಲೀಟರ್ ಸಾಕು. ಆದ್ರ ಬರ್ಫದ ಲೆಕ್ಕ ಹಾಕ್ರಿ. ಏಪ್ರಿಲ್‌ನ್ಯಾಗ 30 ಡಿಗ್ರಿ ನೀರು 15ಕ್ಕ ಇಳಸಾಕ 47 ಕಿಲೋ ಬರ್ಫ ಬೇಕು, ಅದೂ ಪ್ರತಿ ಸಲ. ಜನವರಿ ಮುಂಜಾನೆ ನೀರು 19 ಇದ್ರ 13 ಕಿಲೋ ಸಾಕು. ಅದಕ್ಕ ನೀರು ತಂಪು ಮಾಡೋ ಚಿಲ್ಲರ್ ಮಷೀನಿಗೆ ರೊಕ್ಕ ಹಾಕದೇ ಥಂಡಿ ದಿನದಾಗಷ್ಟೇ ಮಾಡ್ರಿ. ಫ್ಯಾಕ್ಟರಿ ಬರ್ಫ ನೇರ ನೀರಿಗೆ ಹಾಕಬ್ಯಾಡ್ರಿ, ದಪ್ಪ ಚೀಲದಾಗ ಬಿಗಿಯಾಗಿ ಕಟ್ಟಿ ಇಳಿಬಿಡ್ರಿ. ಮೊದಲ ದಿನ ಒಂದು ನಿಮಿಷ ಸಾಕು. ಇಳಿದ ಕೂಡಲೇ ಉಸಿರು ಹಿಡಿದಂಗ ಆಗ್ತದ, ಎದಿ ಬಡಿತ ಏರ್ತದ. ಅದಕ್ಕ ಒಬ್ಬರೇ ಇದ್ದಾಗ ಬ್ಯಾಡ. ಬಿಪಿ, ಹೃದಯದ ತೊಂದರಿ ಇದ್ದೋರು ಇದಕ್ಕೂ ಸೌನಾಕ್ಕೂ ಡಾಕ್ಟರನ್ನ ಕೇಳೇ ಮುಂದ ಹೋಗ್ರಿ. ತೂಕ ಎತ್ತಿ ಮಾಂಸಖಂಡ ಬೆಳಸೋರು ವ್ಯಾಯಾಮ ಆದ ಕೂಡಲೇ ತಣ್ಣೀರಿಗೆ ಇಳಿದ್ರ ಬೆಳವಣಿಗಿ ಕಡಿಮಿ ಆಗ್ತದ ಅಂತ 2015ರ ಒಂದು ಅಧ್ಯಯನದಾಗ ಕಂಡದ.

ಸೌನಾಕ್ಕ, ಕಾದ ಕಲ್ಲಿನ ಮ್ಯಾಲೆ ಹಾಕಾಕ, ಬೇಕಾಗೋ ನೀರು ಒಂದು ಸಣ್ಣ ಬಕೀಟು. ಕೋಣಿ 1.2 ಮೀಟರ್ ಅಗಲ, 1.5 ಉದ್ದ, 2 ಎತ್ತರ ಅಂದ್ರ 3.6 ಘನ ಮೀಟರ್. ಹೀಟರಿಗೆ ಘನ ಮೀಟರಿಗೆ 1 ಕಿಲೋವ್ಯಾಟ್ ಹಿಡೀರಿ. ಗಾಜಿನ ಬಾಗಿಲ ಇದ್ರ 4.5 ಕಿಲೋವ್ಯಾಟಿನ ಹೀಟರ್ ಬೇಕು. ಅದು 20 ಆಂಪಿಯರ್ ಎಳೀತದ, ಗೀಸರಿನ ಪ್ಲಗ್ಗಿಗೆ ಕೊಟ್ರ ಸಾಕೆಟ್ ಕರಗ್ತದ. ಬೋರ್ಡಿನಿಂದ ಬ್ಯಾರೇ 4 ಚದರ ಮಿಲಿಮೀಟರ್ ತಾಮ್ರದ ವಾಯರ್, 25 ಆಂಪಿಯರ್ ಎಂಸಿಬಿ (ಲೋಡ್ ಹೆಚ್ಚಾದ್ರ ಬೀಳೋ ಸ್ವಿಚ್), 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಬೀಳೋ ಸ್ವಿಚ್), ಸರಿಯಾದ ಅರ್ಥಿಂಗ್ ಬೇಕು. ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇದ್ರ ಮೊದಲು ಹೆಚ್ಚಿಸಿಕೊಳ್ರಿ.

ಇಲ್ಲಿ ತಪ್ಪೋದು ಬಡಿಗೇರ ಕೆಲಸದಾಗ. ಗ್ವಾಡಿ ಒಳಗ ಥರ್ಮಾಕೋಲ್ ತುಂಬ್ತಾರ, ಅದು ಈ ಬಿಸಿಗೆ ಮೆತ್ತಗಾಗಿ ಕುಗ್ಗತದ. ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಹಾಕಿ ಒಳಮುಖಕ್ಕ ಅಲ್ಯೂಮಿನಿಯಂ ಹಾಳಿ ಹೊಚ್ಚಿ ಸಂದಿಗೆ ಟೇಪ್ ಹಚ್ಚಬೇಕು. ಪ್ಲೈವುಡ್ ಬ್ಯಾಡ, ಅಂಟಿನ ಹೊಗಿ ಬಿಡ್ತದ. ಕೂಡೋ ಹಲಗಿಗೆ ಗಂಟಿಲ್ಲದ, ರಾಳ ಬಿಡದ ಹಗುರ ಕಟಿಗಿ. ಸ್ಕ್ರೂ ಕೆಳಗಿನಿಂದ ಹೊಡೀರಿ, ಇಲ್ಲಂದ್ರ ಅದರ ತಲಿ ತೊಡಿ ಸುಡ್ತದ. ಬಾಗಿಲ ಹೊರಗ ತೆಗೀಬೇಕು, ಚಿಲಕ ಇರಲೇಬಾರದು. ಹೀಟರಿನ ಕಲ್ಲು ಸಡಿಲಾಗಿ ಜೋಡಸ್ರಿ. ಒತ್ತಿ ತುಂಬಿದ್ರ ಗಾಳಿ ಆಡದೇ ಎಲಿಮೆಂಟ್ ಸುಡ್ತದ. ಹಳ್ಳದ ಕಲ್ಲು ಬ್ಯಾಡ, ಒಳಗಿನ ಪಸಿ ಹಬಿಯಾಗಿ ಸಿಡೀತಾವ.

80 ಡಿಗ್ರಿಯಾಗ ಹತ್ತು ಹದಿನೈದು ನಿಮಿಷ ಕುಂಡ್ರಿ. ಮಳಿಗಾಲದಾಗ ಮುಗಿದ ಮ್ಯಾಲೆ ಬಾಗಿಲ ತೆರೆದು ಹೀಟರ್ ಇನ್ನೂ ಹತ್ತು ನಿಮಿಷ ಬಿಡ್ರಿ, ಕಟಿಗಿಗೆ ಬೂಸ್ಟು ಹಿಡ್ಯೂದಿಲ್ಲ. ಹೊರಗ ಬಂದಾಗ ಹಾಕ್ಕೊಳ್ಳೋ ತಣ್ಣೀರಿಗೆ ಒಂದು ಹರವಿ ಸಾಕು. ಬ್ಯಾಸಗಿ ಒಣ ಗಾಳ್ಯಾಗ ಮಣ್ಣಿನ ಹರವಿ ಛಲೋ ತಣ್ಣಗ ಮಾಡ್ತದ. ಹಿಂದಿನ ದಿನ ರಾತ್ರಿನೇ ತುಂಬಿ, ನೆರಳಿನ್ಯಾಗ ಗಾಳಿ ಆಡೋ ಕಡೆ ಇಡ್ರಿ.